ಬಂದ ಮೇಲೂ ಇಪ್ಪತ್ತೆಂಟು

ದೇರಾದ ಧಕ್ಕೆಯೆದುರು ನನ್ನ ಕೆಲಸದ ಔಷಧದಂಗಡಿ.
ಗಾಜಿನಾಚೆ ಮೈಗೆ ಮೈ ತಾಗಿಸಿ ನಿಂತ ಮರದ ಲಾಂಚುಗಳು.
ಹಳೇ ಫ್ರಿಜ್ಜು, ಟಯರು, ಟೊಮೇಟೊ ಡಬ್ಬ, ಪ್ಲಾಸ್ಟಿಕ್ ಕುರ್ಚಿ
ಏರಿಸುತ್ತಲೇ ಇರುತ್ತಾರೆ,
ಇಳಿಸುವುದನ್ನು ನಾನು ಕಂಡದ್ದು ಕಡಿಮೆ.

ನವರಾತ್ರಿ ಕಳೆದ ವಾರ, ಶಟರು ಅರ್ಧ ಎಳೆದಾಗ
ಬಗ್ಗಿ ಒಳಬಂದ ಪಾಂಡುರಂಗ ಖಾರ್ವಿ,
ಗಂಗೊಳ್ಳಿಯವ, ಲಾಂಚಿನ ಅಡುಗೆಯವ.
ತಲೆನೋವಿನ ಮಾತ್ರೆ ಎರಡು ಸಾಕು ಎಂದ.
ಈ ಸಲ ಎಲ್ಲಿಗೆ?
"ಬೊಸಾಸೊ."
ಹಾಗಾದರೆ ಎರಡು ಸಾಲದು, ಎಂದೆ.

ನಕ್ಕ.
"ನಂಗೆಂತ ಆತ್ತ್ ಅಕ್ಕಾ?
ಸಣ್ಣಕಿಪ್ಪತ್ತಿಗೇ ಮೂರ್ ಸಲ ಚಳಿಜ್ವರ ಬಂದ್ ಹೋಯ್ತ್.
ಸೊಳ್ಳಿಗೂ ನಂಗೂ ಹಳಿ ಪರಿಚಯ."

ಪರಿಚಯ ಅಂತೆ.
ಹದಿನಾಲ್ಕು ವರ್ಷ ಈ ಒಣಗಾಳಿಯಲ್ಲಿ
ಕೈಸಾಲ ಮರೆತ ನೆಂಟನ ಹಾಗೆ
ನಿನ್ನ ರಕ್ತ ಆ ಜ್ವರವನ್ನು ಮರೆತಿದೆ ಮಾರಾಯ.
ಅಲ್ಲಿಯ ಸೊಳ್ಳೆ ನಿನ್ನ ಮನೆತನ ವಿಚಾರಿಸಿ ಕೂರುವುದಿಲ್ಲ,
ಅದರ ಜ್ವರ ಮೂರು ದಿನ ಮಲಗಿಸಿ ಎಬ್ಬಿಸುವಂಥದೂ ಅಲ್ಲ.

ಬೈದು ಕಳಿಸಿದೆ. ಮರುದಿನ ಕ್ಲಿನಿಕ್ಕಿನ ಚೀಟಿ ತಂದ.
ಎಣಿಸಿ ಕೊಟ್ಟೆ:
ಇಳಿಯುವ ಎರಡು ದಿನ ಮೊದಲೇ ಶುರು,
ಅಲ್ಲಿದ್ದಷ್ಟೂ ದಿನಕ್ಕೊಂದು,
ಬಂದ ಮೇಲೂ ಇಪ್ಪತ್ತೆಂಟು.
ಹಾಲುಪುಡಿ ಚಹಾದ ಜೊತೆ ಬೇಡ, ತುಂಬ ನೀರು ಕುಡಿ,
ನುಂಗಿದ ಕೂಡಲೇ ಮಲಗಬೇಡ, ಗಂಟಲು ಉರಿಯುತ್ತದೆ.
ಬಿಸಿಲಿಗೆ ಮೈ ಸುಡುತ್ತದೆ, ತೋಳಿನ ಅಂಗಿ ಹಾಕು.
ಮುಸ್ಸಂಜೆಯಿಂದ ಬೆಳಗಿನವರೆಗೆ ಈ ಮುಲಾಮು,
ಮಲಗಲು ಪರದೆ.

ಪರದೆ ಅಂದದ್ದೇ ತಡ, ಮತ್ತೆ ನಗು.
ಹಡಗಿನ ಹೊಟ್ಟೆಯಲ್ಲಿ ಮುನ್ನೂರು ಮೂಟೆ ಸೊಳ್ಳೆಪರದೆ,
ಯಾವುದೋ ಆಸ್ಪತ್ರೆಗೆ ಹೋಗುವ ಸರಕು.
ಅದರ ಮೇಲೇ ಮಲಗುವುದು ಇವರು ಆರು ಜನ.
"ಬಿಚ್ಚಿದ್ರೆ ಎಣಿಕಿ ತಪ್ಪತ್ತ್, ನಾಖುದ ಸಂಬಳ ಹಿಡಿತ."

ಮದುವೆಯಾಗಿ ಬರುವಾಗ ಅಮ್ಮ ಪೆಟ್ಟಿಗೆಗೆ ತುರುಕಿದ ಪರದೆಯೊಂದು
ಹನ್ನೊಂದು ವರ್ಷದಿಂದ ಕಪಾಟಿನ ಮೇಲಿತ್ತು ನನ್ನಲ್ಲಿ.
ಹನ್ನೆರಡನೇ ಮಹಡಿ. ಸೊಳ್ಳೆ ಲಿಫ್ಟು ಹತ್ತಿ ಬಂದೀತೇ?
ಮಡಿಕೆ ಬಿಚ್ಚಿದರೆ ಇನ್ನೂ ಬಂಟ್ವಾಳ ಪೇಟೆಯ
ಜವಳಿ ಅಂಗಡಿಯ ವಾಸನೆ.
ಕೊಟ್ಟುಬಿಟ್ಟೆ.

ಡಿಸೆಂಬರಿನ ಕೊನೆಗೆ
ಅದೇ ಅರ್ಧ ಶಟರಿನಡಿ ಇಬ್ಬರು ಅವನನ್ನು ಹಿಡಿದು ತಂದರು.
ಮೂರು ಸ್ವೆಟರು, ಮೇಲೊಂದು ಕಂಬಳಿ,
ಹಲ್ಲು ಕಟಕಟ, ಕಣ್ಣು ಹಳದಿ.
"ಏಸಿ ಗಾಳಿ ತಾಗಿದೆ ಮೇಡಂ, ಪನಡೋಲ್ ಕೊಡಿ" ಎಂದರು ಜೊತೆಯವರು.
ಕಿಸೆಗೆ ಕೈ ಹಾಕಿದೆ. ಪಟ್ಟಿ ಸಿಕ್ಕಿತು.
ಒಡೆಯದ ಗುಳ್ಳೆಗಳು ಇಪ್ಪತ್ತಾರು.

ಟ್ಯಾಕ್ಸಿಯವನಿಗೆ ಕೂಗಿ ಹೇಳಿದೆ:
ನಾಳೆ ಅಲ್ಲ, ಈಗಲೇ, ನೇರ ತುರ್ತು ವಿಭಾಗಕ್ಕೆ.
ಬಾಗಿಲಲ್ಲೇ ಹೇಳಿ, ಆಫ್ರಿಕಾದಿಂದ ಬಂದವ,
ರಕ್ತ ನೋಡಿ, ಅಂತ.
ಅದೊಂದು ಮಾತು ಹೇಳದಿದ್ದರೆ
ಫ್ಲೂ ಎಂದು ಮನೆಗೆ ಕಳಿಸಿಬಿಡುತ್ತಾರೆ.

ಬದುಕಿದ. ಒಂಬತ್ತು ದಿನ ಮಲಗಿದ್ದ.
ತಿಂಗಳ ಮೇಲೆ ಪರದೆ ವಾಪಸ್ಸು ತಂದ:
ಒಣಮೀನಿನ ವಾಸನೆ, ಬೀಡಿ ಸುಟ್ಟ ತೂತು ನಾಲ್ಕು.
ನಡುವೆ ಯಾಕೆ ಬಿಟ್ಟೆಯೋ ಮಾತ್ರೆ?
ನೆಲ ನೋಡಿದ.
"ಧಕ್ಕಿ ದೀಪ ಕಂಡ್ತಲೆ ಅಕ್ಕಾ,
ಊರ್ ಮುಟ್ತ್ ಅಂದೇಳಿ ಬಿಟ್ಟೆ."

ಊರು. ಈ ಉಪ್ಪುಕಾಲುವೆ, ಈ ಕ್ರೇನು,
ಎಂಟು ಜನ ಮಲಗುವ ಆ ಕೋಣೆ.
ನಾನೇನೂ ತಿದ್ದಲಿಲ್ಲ.

ಈಗ ಡಬ್ಬದ ಮೇಲೆ ಕಪ್ಪು ಪೆನ್ನಿನಲ್ಲಿ ಬರೆದೇ ಕೊಡುತ್ತೇನೆ,
ಹಿಂದಿ, ಮಲಯಾಳ, ಬರದ ಕೈಯಲ್ಲಿ ಅರಬ್ಬಿ, ನಮ್ಮವರಿಗೆ ಕನ್ನಡ:
ಬಂದ ಮೇಲೂ ಇಪ್ಪತ್ತೆಂಟು.

ನಿನ್ನೆ ಭಟ್ಕಳದ ಹುಡುಗನೊಬ್ಬ ಅದನ್ನೋದಿ ಕೇಳಿದ:
"ಎಲ್ಲಿಗೆ ಬಂದ ಮೇಲೆ?"

ಬೆಲೆ ಹೇಳಿದೆ.
ಚಿಲ್ಲರೆ ಇದೆಯಾ, ಎಂದೆ.